‘ಹಂಗಾಮು’ ಎಂದರೆ ಬೆಳೆಯ ಕಾಲವೋ, ತಾತ್ಕಾಲಿಕವೋ, ಗದ್ದಲವೋ?

ಆಳಂದದ ಓದುಗ:
ಎಲ್ಲರಿಗೂ ಶರಣು. ಮೊನ್ನೆ ಒಂದೇ ದಿನದ ಪತ್ರಿಕೆಯಲ್ಲಿ ಮೂರು ಸುದ್ದಿಗಳನ್ನು ಓದಿದೆ. ಮೊದಲನೆಯದು ಹಿಂಗಾರು ಹಂಗಾಮಿನ ಬಿತ್ತನೆ ಬೀಜದ ವಿತರಣೆ, ಎರಡನೆಯದು ಹಂಗಾಮಿ ಕುಲಪತಿಯ ನೇಮಕ, ಮೂರನೆಯದು ಸಭೆಯೊಂದರಲ್ಲಿ ನಡೆದ ‘ಹಂಗಾಮ’. ನಮ್ಮ ರೈತರ ಗುಂಪಿನ ತಿಂಗಳ ಪತ್ರಿಕೆಗೆ ನಾನು ‘ತೊಗರಿ ಹಂಗಾಮ ಶುರು’ ಎಂದು ತಲೆಬರಹ ಕೊಟ್ಟಿದ್ದೆ. ಹೈದರಾಬಾದಿನಲ್ಲಿ ಓದಿ ಬಂದ ಗೆಳೆಯರೊಬ್ಬರು ಅದನ್ನು ನೋಡಿ, ತೊಗರಿಗಾಗಿ ಎಲ್ಲಿ ಗಲಾಟೆ ಆಯಿತೆಂದು ಕೇಳಿದರು. ಇನ್ನೊಬ್ಬರು, ಇದು ಕನ್ನಡದ ಪದವೇ ಅಲ್ಲ, ‘ಸುಗ್ಗಿ’ ಎಂದು ಬರೆಯಿರಿ ಎಂದು ಹಟ ಹಿಡಿದಿದ್ದಾರೆ. ಈ ಮೂರೂ ಒಂದೇ ಪದವೋ, ಅಥವಾ ಬೇರೆ ಬೇರೆ ಮೂಲದ ಪದಗಳು ಆಕಸ್ಮಿಕವಾಗಿ ಒಂದೇ ರೂಪ ತಾಳಿವೆಯೋ? ಮರಾಠಿ, ಉರ್ದು, ತೆಲುಗು ಬಲ್ಲವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ದಯವಿಟ್ಟು ತಿಳಿದದ್ದನ್ನು ಬರೆಯಿರಿ.

ಗಂಜ್ ಅಡತಿ:
ಸುಗ್ಗಿ ಬೇರೆ, ಹಂಗಾಮು ಬೇರೆ. ಸುಗ್ಗಿ ಹೊಲದಲ್ಲಿ ಆಗುತ್ತದೆ. ಹಂಗಾಮು ಹೊಲದಲ್ಲೂ ಇದೆ, ಬಜಾರಿನಲ್ಲೂ ಇದೆ. ನಮ್ಮ ಕಲಬುರಗಿ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ತೊಗರಿಯ ಹಂಗಾಮು ಎಂದರೆ ಹೊಸ ಮಾಲಿನ ಆವಕ ಜೋರಾಗಿರುವ ಅವಧಿ. ಡಿಸೆಂಬರ್ ಕೊನೆಗೆ ಶುರುವಾಗಿ ಜನವರಿ, ಫೆಬ್ರವರಿಯಲ್ಲಿ ಏರುತ್ತದೆ. ಆಗ ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ಕಾಳನ್ನು ಅಂಗೈ ಮೇಲೆ ಉಜ್ಜಿ, ಒಂದನ್ನು ಹಲ್ಲಿನಲ್ಲಿ ಕಡಿದು ಹಸಿ ಎಷ್ಟಿದೆ ಎಂದು ನೋಡಿಯೇ ಖರೀದಿದಾರರು ರೇಟು ಹೇಳುತ್ತಾರೆ. ಕಾಳು ‘ಕಟ್’ ಎಂದು ಒಡೆದರೆ ಒಣಗಿದೆ, ಹಲ್ಲಿಗೆ ಮೆತ್ತಗೆ ಹತ್ತಿದರೆ ಇನ್ನೂ ಹಸಿ ಇದೆ. ಅದೇ ಕಾಳು ಆಷಾಢದಲ್ಲಿ ಬಂದರೆ ನಾವು ‘ಈಗ ಹಂಗಾಮಿಲ್ಲ’ ಎನ್ನುತ್ತೇವೆಯೇ ಹೊರತು ‘ಸುಗ್ಗಿಯಿಲ್ಲ’ ಎನ್ನುವುದಿಲ್ಲ. ಆದ್ದರಿಂದ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಅರ್ಥವೇ ಬದಲಾಗುತ್ತದೆ.

ಅಚ್ಚಗನ್ನಡ, ಸೇಡಂ:
ಬಜಾರಿನ ರೂಢಿಯನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಕನ್ನಡಕ್ಕೆ ತನ್ನದೇ ಪದವಿದೆ ಎಂಬುದನ್ನು ಮರೆಯಬಾರದು. ‘ಕಾರ್’ ಎಂದರೆ ಮಳೆಗಾಲ. ಮುನ್ನಿನ ಕಾರು ಮುಂಗಾರು, ಹಿಂದಿನ ಕಾರು ಹಿಂಗಾರು. ನಮ್ಮ ಕಾರಹುಣ್ಣಿಮೆಯಲ್ಲೂ ಅದೇ ‘ಕಾರ್’ ಇದೆ, ತಮಿಳಿನಲ್ಲೂ ಇದೆ. ‘ಮುಂಗಾರು ಹಂಗಾಮು’ ಎಂದಾಗ ಕಾಲವನ್ನು ಎರಡು ಸಲ ಹೇಳಿದಂತೆ ಆಗುವುದಿಲ್ಲವೇ? ಬರಿಯ ‘ಮುಂಗಾರು’ ಸಾಕು.

ಶಹಾಪುರ ಬತ್ತ:
ಸಾಲುವುದಿಲ್ಲ, ಸರ್. ‘ಮುಂಗಾರು’ ಎಂದರೆ ಮಳೆ, ‘ಮುಂಗಾರು ಹಂಗಾಮು’ ಎಂದರೆ ಆ ಮಳೆಗೆ ಬಿತ್ತಿದ ಬೆಳೆಯ ಇಡೀ ಅವಧಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಬತ್ತ ಬೆಳೆಯುವ ನಮಗೆ ಬೇಸಿಗೆ ಹಂಗಾಮು ಕೂಡ ಇದೆ. ಅಲ್ಲಿ ಯಾವ ಕಾರೂ ಇಲ್ಲ, ಮಳೆಯೂ ಇಲ್ಲ, ಕಾಲುವೆಗೆ ನೀರು ಬಿಟ್ಟರೆ ಮಾತ್ರ ಬೆಳೆ. ಅದನ್ನು ಅಚ್ಚಗನ್ನಡದಲ್ಲಿ ಏನೆಂದು ಕರೆಯಬೇಕು?

ಔರಾದ್ ಗಡಿನಾಡು:
ನಮ್ಮ ಮನೆಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಮರಾಠಿಯಲ್ಲಿ ‘ಹಂಗಾಮ’ ಎಂದರೆ ಕಾಲ, ಋತು. ಮಾವಿನ ಕಾಲಕ್ಕೆ ‘ಆಂಬ್ಯಾಚಾ ಹಂಗಾಮ’, ಕಬ್ಬು ನುರಿಸುವ ಕಾಲಕ್ಕೆ ‘ಗಾಳಪ ಹಂಗಾಮ’, ಬೆಳೆಯ ಭರದ ನಡುವೆ ಏನಾದರೂ ಕೆಟ್ಟರೆ ‘ಐನ ಹಂಗಾಮಾತ’ ಎನ್ನುತ್ತಾರೆ. ಕ್ರಿಕೆಟ್ ಪಂದ್ಯಾವಳಿಯ ಈ ವರ್ಷದ ಸರಣಿಗೂ ಮರಾಠಿ ಪತ್ರಿಕೆಗಳು ‘ಹಂಗಾಮ’ ಎಂದೇ ಬರೆಯುತ್ತವೆ. ಕನ್ನಡ ಪತ್ರಿಕೆಗಳು ಅಲ್ಲಿ ‘ಆವೃತ್ತಿ’ ಎನ್ನುತ್ತವೆ. ವಿಧಾನಸಭೆಯ ಹೊಸ ಸದಸ್ಯರಿಗೆ ಪ್ರಮಾಣವಚನ ಬೋಧಿಸಲು ಕೂರುವವರು ಅಲ್ಲಿ ‘ಹಂಗಾಮಿ ಅಧ್ಯಕ್ಷ’, ನಮ್ಮಲ್ಲಿ ‘ಹಂಗಾಮಿ ಸ್ಪೀಕರ್’. ಗದ್ದಲದ ಅರ್ಥದ ‘ಹಂಗಾಮಾ’ ಮರಾಠಿಯಲ್ಲೂ ಉಂಟು, ಆದರೆ ಕೊನೆಯ ಅಕ್ಷರವನ್ನು ದೀರ್ಘ ಮಾಡಿದಾಗ ಮಾತ್ರ. ಹಾಗಾಗಿ ಈ ಪದ ನಮಗೆ ಮರಾಠಿಯಿಂದಲೇ ಬಂದಿರಬೇಕು ಎಂಬುದು ನನ್ನ ಅನಿಸಿಕೆ.

ರೋಜಾ ಬಡಾವಣೆ:
ಅಣ್ಣಾವರೆ, ಮರಾಠಿಯೂ ಅದನ್ನು ಬೇರೆ ಕಡೆಯಿಂದಲೇ ತಂದುಕೊಂಡಿದೆ. ಮೂಲ ಫಾರಸಿ. ಫಾರಸಿಯಲ್ಲಿ ‘ಹಂಗಾಮ್’ ಮತ್ತು ‘ಹಂಗಾಮಾ’ ಎಂದು ಎರಡು ಪದಗಳಿವೆ, ಒಂದೇ ಬೇರಿನವು. ‘ಹಂಗಾಮ್’ ಎಂದರೆ ಹೊತ್ತು, ವೇಳೆ, ಋತು. ಇಸ್ಲಾಮಿಗೂ ಹಿಂದಿನ ಪಹ್ಲವಿ ಭಾಷೆಯಲ್ಲಿಯೂ ಇದು ಇದೇ ಅರ್ಥದಲ್ಲಿ ಸಿಗುತ್ತದೆ. ‘ಹಂಗಾಮಾ’ ಎಂದರೆ ಮೊದಲಿಗೆ ಜನ ನೆರೆಯುವುದು. ಬೀದಿಯಲ್ಲಿ ಕಥೆ ಹೇಳುವವರ, ಆಟ ತೋರಿಸುವವರ ಸುತ್ತ ಸೇರುವ ಗುಂಪು. ಹಾಗೆ ಜನರನ್ನು ಕೂಡಿಸುವವನಿಗೆ ‘ಹಂಗಾಮಾಗೀರ್’ ಎಂಬ ಹೆಸರೇ ಇತ್ತು. ಜನ ಸೇರಿದ ಮೇಲೆ ಸದ್ದು, ಸದ್ದಿನಿಂದ ಗದ್ದಲ, ಗದ್ದಲದಿಂದ ದೊಂಬಿ. ಉರ್ದು, ಹಿಂದಿ ಎರಡೂ ಈ ಕೊನೆಯ ಅರ್ಥವನ್ನೇ ಹಿಡಿದುಕೊಂಡವು. ನಮ್ಮ ದಖ್ಖನಿಯಲ್ಲಿ ಮಕ್ಕಳು ಗಲಾಟೆ ಮಾಡಿದರೂ ‘ಕ್ಯಾ ಹಂಗಾಮಾ ಲಗಾಕೊ ರಖೆ’ ಎಂದು ಬೈಯುತ್ತಾರೆ.

‘ಹಂಗಾಮಿ’ಯ ಸಂಗತಿ ಇನ್ನೂ ಸ್ವಾರಸ್ಯವಾದದ್ದು. ಉರ್ದುವಿನಲ್ಲಿ ‘ಹಂಗಾಮಿ ಹಾಲತ್’ ಎಂದರೆ ತುರ್ತು ಪರಿಸ್ಥಿತಿ, ‘ಹಂಗಾಮಿ ಇಜ್ಲಾಸ್’ ಎಂದರೆ ತುರ್ತು ಸಭೆ. ಕನ್ನಡದಲ್ಲಿ ‘ಹಂಗಾಮಿ’ ಎಂದರೆ ಸದ್ಯಕ್ಕೆ ಹುದ್ದೆ ನೋಡಿಕೊಳ್ಳುವವರು. ಎರಡರಲ್ಲೂ ‘ಆ ಹೊತ್ತಿಗೆ ಸೇರಿದ್ದು’ ಎಂಬ ಭಾವವೇ ಇದೆ. ಉರ್ದು ಅದರೊಳಗಿನ ಅವಸರವನ್ನು ಎತ್ತಿಕೊಂಡಿತು, ಕನ್ನಡ ಅದರ ಅಲ್ಪಾವಧಿಯನ್ನು ಎತ್ತಿಕೊಂಡಿತು.

ಜೇವರ್ಗಿ ಕ್ರಾಸ್:
ಜನ ಸೇರುವುದಕ್ಕೂ ಋತುವಿಗೂ ಏನು ಸಂಬಂಧ? ನನಗೆ ಇನ್ನೂ ಎರಡು ಬೇರೆ ಪದಗಳೆಂದೇ ತೋರುತ್ತದೆ.

ಚಿತ್ತಾಪುರ ಮಾಸ್ತರ:
ಬೇರು ನೋಡಿದರೆ ಸಂಬಂಧ ಕಾಣುತ್ತದೆ. ‘ಹಂಗಾಮ್’ ಪದವನ್ನು ‘ಹಮ್’ ಮತ್ತು ‘ಗಾಮ್’ ಎಂದು ಬಿಡಿಸುತ್ತಾರೆ. ಪ್ರಾಚೀನ ಇರಾನಿ ಭಾಷೆಯ ‘ಹಮ್’ ನಮ್ಮ ಸಂಸ್ಕೃತದ ‘ಸಂ’ಗೆ ಸಮಾನ. ಸಂಸ್ಕೃತದ ಸಕಾರ ಅಲ್ಲಿ ಹಕಾರವಾಗುತ್ತದೆ: ಸಪ್ತ ಅಲ್ಲಿ ಹಫ್ತ್, ಸೋಮ ಅಲ್ಲಿ ಹಓಮ, ಸಿಂಧು ಅಲ್ಲಿ ಹಿಂದು. ‘ಗಮ್’ ಧಾತುವಿನ ಅರ್ಥ ಎರಡೂ ಕಡೆ ಹೋಗು, ಬರು ಎಂಬುದೇ. ಹೀಗೆ ನೋಡಿದರೆ ಹಂಗಾಮವು ಸಂಗಮದ ಸೋದರ. ಸಭೆ, ಸಂಸ್ಥೆಗಳಿಗೆ ಉರ್ದುವಿನಲ್ಲಿ ಬಳಸುವ ‘ಅಂಜುಮನ್’ ಪದವೂ ಇದೇ ವಂಶದ್ದು. ಪ್ರಾಚೀನ ಇರಾನಿನ ಧರ್ಮಗ್ರಂಥ ಅವೆಸ್ತಾದಲ್ಲಿ ಅದರ ರೂಪ ‘ಹಂಜಮನ’, ಋಗ್ವೇದದ ಹತ್ತನೆಯ ಮಂಡಲದಲ್ಲಿ ಯಮನನ್ನು ‘ಸಂಗಮನಂ ಜನಾನಾಂ’ ಎಂದು ಕರೆದಿರುವಲ್ಲಿ ಅದರ ಜೋಡಿ ರೂಪ ಕಾಣುತ್ತದೆ.

ಇನ್ನು ಜೇವರ್ಗಿಯವರ ಪ್ರಶ್ನೆ. ಕೂಡಿ ಬರುವುದು ಜನರಾದರೆ ಗುಂಪು, ಕೂಡಿ ಬರುವುದು ವೇಳೆಯಾದರೆ ಋತು. ನಾವೂ ‘ಕಾಲ ಕೂಡಿ ಬಂತು’, ‘ಘಳಿಗೆ ಕೂಡಿ ಬರಲಿಲ್ಲ’ ಎಂದು ನಿತ್ಯ ಮಾತಾಡುತ್ತೇವೆ. ಅರ್ಥ ಹೀಗೆ ಸರಿಯುವುದಕ್ಕೆ ದೂರ ಹೋಗಬೇಕಿಲ್ಲ. ಸಂಸ್ಕೃತದ ‘ಯಾತ್ರಾ’ ಎಂದರೆ ಪ್ರಯಾಣ. ಅದೇ ನಮ್ಮಲ್ಲಿ ‘ಜಾತ್ರೆ’ಯಾಗಿ, ಪ್ರಯಾಣದ ಅರ್ಥ ಹಿಂದೆ ಸರಿದು, ತೇರು, ಅಂಗಡಿ, ಜನಜಂಗುಳಿಯ ಅರ್ಥ ಮುಂದೆ ಬಂತು. ಶರಣಬಸವೇಶ್ವರ ಜಾತ್ರೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಫಜಲಪುರ:
ಮಾಸ್ತರರೆ, ಹಾಗಾದರೆ ಗಾಣಗಾಪುರದಲ್ಲಿ ಭೀಮಾ ಮತ್ತು ಅಮರ್ಜಾ ಕೂಡುವ ಸಂಗಮವೂ ನಮ್ಮ ತೊಗರಿ ಹಂಗಾಮೂ ಒಂದೇ ಮನೆತನದವು ಎಂದಾಯಿತು! ಬಹಳ ಸಂತೋಷವಾಯಿತು.

ಅಚ್ಚಗನ್ನಡ, ಸೇಡಂ:
ನನಗೆ ಬೇರೊಂದು ಸಾಧ್ಯತೆ ತೋರುತ್ತದೆ. ಕನ್ನಡದಲ್ಲಿ ‘ಹಂಗು’ ಇದೆಯಲ್ಲ. ಹಂಗಿನ ಮೇಲೆ ಹುದ್ದೆಯಲ್ಲಿ ಕುಳಿತವನು ‘ಹಂಗಾಮಿ’ ಆಗಿರಬಾರದೇಕೆ? ಎಲ್ಲವನ್ನೂ ಇರಾನಿನಿಂದಲೇ ತರಬೇಕೆಂದು ನಿಯಮವಿಲ್ಲ.

ಚಿತ್ತಾಪುರ ಮಾಸ್ತರ:
ಸೇಡಂನವರೆ, ‘ಹಂಗು’ ಅಚ್ಚ ಕನ್ನಡವೇ ಹೌದು, ಆದರೆ ಅದು ಬೇರೆ ಪದ. ಉಪಕಾರದ ಋಣಕ್ಕೆ ಸಿಕ್ಕಿಕೊಂಡಿರುವುದು ಹಂಗು, ಮತ್ತು ಆ ಅರ್ಥದಲ್ಲಿ ಅದು 12ನೇ ಶತಮಾನದ ವಚನಗಳಲ್ಲಿಯೇ ಧಾರಾಳವಾಗಿ ಬಂದಿದೆ. ಬಸವಕಲ್ಯಾಣದ ನೆಲದಲ್ಲಿ ಶರಣರು ಆ ಪದ ಬಳಸುವಾಗ ಇಲ್ಲಿ ಫಾರಸಿ ಆಡಳಿತವೇ ಇರಲಿಲ್ಲ. ಬಹಮನಿಗಳು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡದ್ದು 1347ರಲ್ಲಿ. ‘ಹಂಗು’ಗೆ ‘ಆಮಿ’ ಎಂಬ ಪ್ರತ್ಯಯ ಹತ್ತಿಸಿ ಮಾಡಿದ ಪದ ಕನ್ನಡದಲ್ಲಿ ಇನ್ನೊಂದಿಲ್ಲ. ಹಂಗಿಗೆ ಒಳಗಾದವನನ್ನು ಕನ್ನಡ ‘ಹಂಗಿಗ’ ಎನ್ನುತ್ತದೆ. ಇನ್ನೊಂದು ಮಾತು: ಹಂಗಿನಿಂದ ‘ಹಂಗಾಮಿ’ ಹುಟ್ಟಿದ್ದರೆ, ಕನ್ನಡದ ಹಂಗಿಲ್ಲದ ಗುಜರಾತಿಯಲ್ಲಿ ‘ಹಂಗಾಮಿ’ ಎಂದರೆ ತಾತ್ಕಾಲಿಕ ಎಂಬ ಅರ್ಥ ಹೇಗೆ ಬಂತು?

ರೋಜಾ ಬಡಾವಣೆ:
ಇತಿಹಾಸದ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ರಾಜಧಾನಿ ಮುಂದೆ ಬೀದರಿಗೆ ಹೋಯಿತು, ಇರಾನಿನ ಗೀಲಾನ್ ಪ್ರಾಂತದಿಂದ ಬಂದ ಮಹಮೂದ್ ಗಾವಾನ್ 1472ರಲ್ಲಿ ಅಲ್ಲಿ ಮದರಸಾ ಕಟ್ಟಿಸಿದರು. ಹೈದರಾಬಾದ್ ಸಂಸ್ಥಾನದಲ್ಲಿ 1884ರ ಸುಮಾರಿಗೆ ಉರ್ದು ಬರುವವರೆಗೆ ಆಡಳಿತ ಭಾಷೆ ಫಾರಸಿಯೇ ಆಗಿತ್ತು. ಲೆಕ್ಕ, ಕಂದಾಯ, ಬೆಳೆ ಈ ಮೂರಕ್ಕೆ ಸಂಬಂಧಿಸಿದ ಫಾರಸಿ ಪದಗಳು ಐದು ಶತಮಾನಗಳ ಕಾಲ ನಮ್ಮ ಊರುಗಳ ದಫ್ತರಗಳಲ್ಲಿ ಇದ್ದವು. ಅವು ಕನ್ನಡಕ್ಕೆ ಇಳಿಯಲು ಮರಾಠಿಯ ಮೂಲಕವೇ ಬರಬೇಕಿರಲಿಲ್ಲ.

ಔರಾದ್ ಗಡಿನಾಡು:
ಇತಿಹಾಸವನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪುವುದಿಲ್ಲ. ಉರ್ದು ದಫ್ತರದಿಂದ ನೇರವಾಗಿ ಬಂದಿದ್ದರೆ ‘ಹಂಗಾಮಿ’ಗೆ ಕನ್ನಡದಲ್ಲಿ ‘ತುರ್ತು’ ಎಂಬ ಅರ್ಥ ಬರಬೇಕಿತ್ತು. ಕನ್ನಡ, ಮರಾಠಿ, ಗುಜರಾತಿ ಮೂರರಲ್ಲೂ ಅರ್ಥ ಒಂದೇ ಆಗಿರುವುದು ಈ ಮೂರು ಭಾಷೆಗಳು ಒಂದರಿಂದೊಂದು ಪದ ಹಂಚಿಕೊಂಡಿವೆ ಎಂಬುದನ್ನೇ ತೋರಿಸುತ್ತದೆ.

ಗುರುಮಠಕಲ್ ಅಕ್ಕ:
ನಮ್ಮ ಕಡೆ ತೆಲುಗಿನ ಗಾಳಿ ಜಾಸ್ತಿ. ತೆಲುಗಿನಲ್ಲಿ ‘ಹಂಗಾಮಾ’ ಎಂದರೆ ಭರಾಟೆ, ಆಡಂಬರ, ಓಡಾಟದ ಗದ್ದಲ. ಮದುವೆ ಮನೆಯಲ್ಲಿ ನೂರೆಂಟು ಕೆಲಸಕ್ಕೆ ಜನ ಓಡಾಡುತ್ತಿದ್ದರೆ ‘ಹಂಗಾಮಾ’ ಎನ್ನುತ್ತಾರೆ. ಅದರಲ್ಲಿ ಜಗಳ ಇರಲೇಬೇಕೆಂದಿಲ್ಲ. ಬೆಳೆಯ ಕಾಲಕ್ಕೆ ಅವರು ‘ಸೀಜನ್’ ಎನ್ನುತ್ತಾರೆ, ‘ಪಂಟ ಕಾಲಂ’ ಎನ್ನುತ್ತಾರೆ, ‘ಹಂಗಾಮು’ ಎನ್ನುವುದನ್ನು ನಾನು ಕೇಳಿಲ್ಲ. ಓದುಗ ಅಣ್ಣನವರ ಹೈದರಾಬಾದಿನ ಗೆಳೆಯರಿಗೆ ತಲೆಬರಹ ಬೇರೆಯಾಗಿ ಕೇಳಿಸಿದ್ದು ಸಹಜ. ಅಲ್ಲಿನ ಉರ್ದುವೂ ತೆಲುಗೂ ಎರಡೂ ಗದ್ದಲದ ಕಡೆಗೇ ಇವೆ.

ಹುಮನಾಬಾದ್ ಕಬ್ಬು:
ಅರ್ಥದ ಈ ಗೊಂದಲ ಬರಿಯ ಮಾತಿನದಲ್ಲ, ಹೊಟ್ಟೆಪಾಡಿನದು. ಸಕ್ಕರೆ ಕಾರ್ಖಾನೆಗಳಲ್ಲಿ ‘ಕಾಯಂ’ ಕಾರ್ಮಿಕರು ಬೇರೆ, ‘ಹಂಗಾಮಿ’ ಕಾರ್ಮಿಕರು ಬೇರೆ. ಕಬ್ಬು ನುರಿಸುವುದು ಅಕ್ಟೋಬರ್, ನವೆಂಬರಿನಲ್ಲಿ ಶುರುವಾಗಿ ಮಾರ್ಚ್, ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ಆ ಕಾಲಕ್ಕೆ ಬರುವವರು ಹಂಗಾಮಿ. ಮುಂದಿನ ವರ್ಷ ಬಾಯ್ಲರ್‌ಗೆ ಬೆಂಕಿ ಹಾಕುವ ಹೊತ್ತಿಗೆ ಅದೇ ಮನುಷ್ಯ, ಅದೇ ಜಾಗಕ್ಕೆ, ಅದೇ ಕೆಲಸಕ್ಕೆ ಮರಳುತ್ತಾನೆ. ನಮ್ಮ ಕಾಕಾ ಹೀಗೆ ಗಾಣದ ವಿಭಾಗದಲ್ಲಿ ದುಡಿದವರು. ಒಂದು ಕಾರ್ಖಾನೆಯ ಕಚೇರಿಯಲ್ಲಿ ಹೊಸದಾಗಿ ಬಂದ ಗುಮಾಸ್ತರು, ‘ಹಂಗಾಮಿ ಎಂದರೆ ತಾತ್ಕಾಲಿಕ, ನಿಮ್ಮದು ಹಳೆಯ ನೌಕರಿ ಎಂದು ಹೇಗೆ ಹೇಳುತ್ತೀರಿ’ ಎಂದು ಅವರ ಅರ್ಜಿಯನ್ನು ತಿರುಗಿಸಿ ಕಳಿಸಿದ್ದರು. ಹಂಗಾಮಿ ಕುಲಪತಿ ಹೊಸಬರು ಬಂದ ದಿನ ಎದ್ದು ಹೋಗುತ್ತಾರೆ. ಹಂಗಾಮಿ ಕಾರ್ಮಿಕ ಹಂಗಾಮು ಮುಗಿದ ದಿನ ಹೋಗಿ, ಹಂಗಾಮು ಬಂದ ದಿನ ಮತ್ತೆ ಬರುತ್ತಾನೆ. ಈ ವ್ಯತ್ಯಾಸವನ್ನು ಬರೆಯುವವರು ಗಮನದಲ್ಲಿ ಇಟ್ಟುಕೊಳ್ಳಲೇಬೇಕು.

ಗಂಜ್ ಅಡತಿ:
ಹುಮನಾಬಾದಿನವರ ಮಾತು ನೂರಕ್ಕೆ ನೂರು ಸರಿ. ಗಂಜಿನ ಹಮಾಲರದೂ ಇದೇ ಕಥೆ.

ಶಹಾಪುರ ಬತ್ತ:
ಕಂದಾಯದ ಮಾತು ಬಂತಲ್ಲ, ಅದಕ್ಕೇ ಹೇಳುತ್ತೇನೆ. ನಿಜಾಮರ ಕಾಲದ ಕಾಗದಗಳಲ್ಲಿ ನೀರಾವರಿ ಬತ್ತಕ್ಕೆ ‘ಆಬಿ’, ‘ತಾಬಿ’ ಎಂದು ಎರಡು ಹೆಸರುಗಳಿದ್ದವು. ಮಳೆಗಾಲದ ಬತ್ತ ಆಬಿ, ಅದರ ನಂತರದ್ದು ತಾಬಿ. ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ‘ಫಸಲಿ’ ಇಸವಿಯೂ ಅಂಥದ್ದೇ. ಅದಕ್ಕೆ 590 ಅಥವಾ 591 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ. ಅರಬ್ಬಿಯ ‘ಫಸ್ಲ್’ ಎಂದರೆ ಋತು, ವಿಭಾಗ. ಅದು ನಮ್ಮಲ್ಲಿ ‘ಫಸಲು’ ಆಗಿ ಬೆಳೆಯ ಹೆಸರಾಯಿತು. ಋತುವಿನ ಹೆಸರು ಬೆಳೆಗೆ ಬಂದದ್ದನ್ನು ನೋಡಿದರೆ, ಹಂಗಾಮು ಇನ್ನೂ ಋತುವಾಗಿಯೇ ಉಳಿದದ್ದು ದೊಡ್ಡ ಸಂಗತಿ.

ಅಚ್ಚಗನ್ನಡ, ಸೇಡಂ:
‘ಖಾರಿಫ್’, ‘ರಬಿ’ಗಳನ್ನು ಮರೆತಿರಿ. ಸರಕಾರದ ಕಾಗದದಲ್ಲಿ ಅವೂ ಇವೆ.

ಚಿತ್ತಾಪುರ ಮಾಸ್ತರ:
ನೆನಪಿಸಿದ್ದು ಒಳ್ಳೆಯದಾಯಿತು, ಏಕೆಂದರೆ ಅಲ್ಲಿಯೇ ಹೆಸರಿಡುವ ಕ್ರಮದ ವ್ಯತ್ಯಾಸ ಕಾಣುತ್ತದೆ. ಅರಬ್ಬಿಯಲ್ಲಿ ಖರೀಫ್ ಎಂದರೆ ಶರತ್ಕಾಲ, ರಬೀ ಎಂದರೆ ವಸಂತ. ರಬೀ ಉಲ್ ಅವ್ವಲ್ ತಿಂಗಳ ಹೆಸರಿನಲ್ಲಿರುವುದೂ ಅದೇ ಪದ. ಅಂದರೆ ಆ ಹೆಸರುಗಳು ಬೆಳೆ ಕೊಯ್ಯುವ ಕಾಲವನ್ನು ನೋಡಿ ಇಟ್ಟವು. ನಮ್ಮ ಮುಂಗಾರು, ಹಿಂಗಾರುಗಳು ಬಿತ್ತುವ ಮಳೆಯನ್ನು ನೋಡಿ ಇಟ್ಟವು.

ಇದನ್ನು ಹೊಲದಲ್ಲಿಯೇ ನೋಡಬಹುದು. ಎಳ್ಳಮಾವಾಸ್ಯೆಯ ದಿನ ಭಜ್ಜಿ, ಕಡಬು, ಸಜ್ಜೆ ರೊಟ್ಟಿ ಕಟ್ಟಿಕೊಂಡು ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೋದಾಗ, ಬದುವಿನ ಈಚೆ ತೊಗರಿಯ ಕಾಯಿ ಒಣಗಿ ಗಾಳಿಗೆ ಗಿಲಗಿಲ ಎನ್ನುತ್ತಿರುತ್ತದೆ, ಆಚೆ ಬಿಳಿಜೋಳ ಇನ್ನೂ ಹಸಿರಾಗಿ ನಿಂತಿರುತ್ತದೆ. ಜೂನ್, ಜುಲೈಯಲ್ಲಿ ಬಿತ್ತಿದ ತೊಗರಿ ಮುಂಗಾರು ಹಂಗಾಮಿನದು, ಮುಂಗಾರು ಮಳೆ ಹೋಗಿ ತಿಂಗಳುಗಳೇ ಆಗಿದ್ದರೂ ಅದರ ಹಂಗಾಮು ಬದಲಾಗುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಜೋಳ ಹಿಂಗಾರಿನದು. ಒಂದೇ ದಿನ, ಒಂದೇ ಹೊಲದಲ್ಲಿ ಎರಡು ಹಂಗಾಮುಗಳು ನಿಂತಿರುತ್ತವೆ. ಅಲ್ಲಿ ನಿಂತು ‘ಸುಗ್ಗಿ’ ಎಂದರೆ ತೊಗರಿಗೆ ಮಾತ್ರ ಸಲ್ಲುತ್ತದೆ, ‘ಮುಂಗಾರು’ ಎಂದರೆ ಮಳೆಯೇ ಇಲ್ಲ. ಆದ್ದರಿಂದ ‘ಹಂಗಾಮು’ ಪದವನ್ನು ತೆಗೆದರೆ ನಮ್ಮ ಭಾಗದ ಬೇಸಾಯವನ್ನು ವಿವರಿಸುವ ಒಂದು ನಿಖರವಾದ ಪದ ಕಳೆದುಹೋಗುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಕೊಲ್ಕತ್ತಾದಿಂದ ಯಾದಗಿರಿಯವ:
ಕೆಲಸದ ನಿಮಿತ್ತ ಬಂಗಾಳದಲ್ಲಿದ್ದೇನೆ. ಇಲ್ಲಿ ‘ಹಾಂಗಾಮಾ’ ಎಂದರೆ ದೊಂಬಿ, ಹಾವಳಿ. ‘ದಾಂಗಾ ಹಾಂಗಾಮಾ’ ಎಂದು ಜೋಡಿಯಾಗಿ ಹೇಳುತ್ತಾರೆ. 1741ರಿಂದ 1751ರವರೆಗೆ ಮರಾಠಾ ಕುದುರೆ ಸವಾರರು ಬಂಗಾಳದ ಮೇಲೆ ನಡೆಸಿದ ದಾಳಿಗಳನ್ನು ಇಲ್ಲಿ ‘ಬರ್ಗಿರ್ ಹಾಂಗಾಮಾ’ ಎಂದೇ ಕರೆಯುತ್ತಾರೆ. ಬರ್ಗಿ ಎಂದರೆ ನಮ್ಮಲ್ಲಿ ಹೇಳುವ ಬಾರಗೀರ, ಸರಕಾರದ ಕುದುರೆ ಏರಿದ ಸವಾರ. ಮಕ್ಕಳನ್ನು ಮಲಗಿಸುವ ಹಾಡಿನಲ್ಲೂ ಆ ಬರ್ಗಿಗಳು ಬರುತ್ತಾರೆ. ಆ ಸವಾರರ ಸ್ವಂತ ಭಾಷೆಯಲ್ಲಿ ಹಂಗಾಮ ಎಂದರೆ ಮಾವು, ಕಬ್ಬುಗಳ ಕಾಲ. ಅವರು ಹೋದ ನಾಡಿನಲ್ಲಿ ಅದೇ ಪದ ಅವರ ಹಾವಳಿಯ ಹೆಸರಾಗಿ ನಿಂತಿತು.

ಜೇವರ್ಗಿ ಕ್ರಾಸ್:
ಈಗ ಒಂದೇ ಪದ ಎಂದು ಒಪ್ಪಿದೆ. ಆದರೆ ಬರೆಯುವಾಗ ಏನು ಮಾಡಬೇಕು? ಮಾತಿನಲ್ಲಿ ನಾವು ‘ಹಂಗಾಮ’ ಎಂದೇ ಎಲ್ಲಕ್ಕೂ ಹೇಳುತ್ತೇವೆ.

ಚಿತ್ತಾಪುರ ಮಾಸ್ತರ:
ಬರಹದ ಕನ್ನಡ ಇದಕ್ಕೆ ಆಗಲೇ ದಾರಿ ಮಾಡಿಕೊಂಡಿದೆ. ವ್ಯಂಜನದಲ್ಲಿ ಮುಗಿಯುವ ಪರಭಾಷೆಯ ಪದಕ್ಕೆ ಕನ್ನಡ ಉಕಾರ ಸೇರಿಸುತ್ತದೆ: ಬಜಾರ್ ಬಜಾರು, ಕಾನೂನ್ ಕಾನೂನು, ಜೋರ್ ಜೋರು. ಹಾಗೆಯೇ ಹಂಗಾಮ್ ‘ಹಂಗಾಮು’ ಆಯಿತು. ಇದು ಕಾಲ. ‘ಹಂಗಾಮಿ’ ಆ ಕಾಲಕ್ಕೆ ಸೇರಿದವರು. ಗದ್ದಲಕ್ಕೆ ಬರೆಯಲೇಬೇಕಿದ್ದರೆ ದೀರ್ಘವಾಗಿ ‘ಹಂಗಾಮಾ’ ಎಂದು ಬರೆಯಿರಿ. ನಮ್ಮ ಭಾಗದ ಆಡುಮಾತಿನಲ್ಲಿ ಕೊನೆಯ ಉಕಾರ ಅಕಾರವಾಗುವುದರಿಂದ ಮೊದಲನೆಯದೂ ಮೂರನೆಯದೂ ಒಂದೇ ಆಗಿ ಕೇಳಿಸುತ್ತವೆ. ತಲೆಬರಹದ ತೊಡಕು ಹುಟ್ಟಿದ್ದು ಆ ಒಂದು ಸ್ವರದಿಂದ.

ಅಚ್ಚಗನ್ನಡ, ಸೇಡಂ:
ಬೆಳೆಗೆ ‘ಹಂಗಾಮು’ ಇರಲಿ, ಬೇಸಿಗೆ ಹಂಗಾಮಿನ ಉದಾಹರಣೆಗೆ ನನ್ನ ಬಳಿ ಉತ್ತರವಿಲ್ಲ. ಆದರೆ ಸಭೆಯ ಗದ್ದಲಕ್ಕೆ ‘ಹಂಗಾಮಾ’ ಬೇಡವೆಂಬ ಮಾತಿಗೆ ಈಗಲೂ ಅಂಟಿಕೊಂಡಿದ್ದೇನೆ. ಗದ್ದಲ, ಗಲಾಟೆ, ಕೋಲಾಹಲ, ರಂಪಾಟ ಇಷ್ಟೆಲ್ಲ ಇರುವಾಗ ಟಿ.ವಿ.ಯ ಹಿಂದಿಯಿಂದ ಅದನ್ನು ತಂದು, ನಮ್ಮ ಬೇಸಾಯದ ಪದದ ಮೇಲೆ ಹೇರಬಾರದು.

ಆಳಂದದ ಓದುಗ:
ಎಲ್ಲರಿಗೂ ಕೃತಜ್ಞತೆಗಳು. ಪತ್ರಿಕೆಯಲ್ಲಿ ‘ತೊಗರಿ ಹಂಗಾಮು’ ಎಂದು ಉಕಾರದೊಂದಿಗೆ ಅಚ್ಚು ಮಾಡುತ್ತೇವೆ. ಗದ್ದಲಕ್ಕೆ ಗದ್ದಲ ಎಂದೇ ಬರೆಯುತ್ತೇವೆ. ಹುಮನಾಬಾದಿನವರು ಹೇಳಿದ ಕಾರ್ಮಿಕರ ಸಂದರ್ಭದಲ್ಲಿ ಬರಿಯ ‘ಹಂಗಾಮಿ’ ಎನ್ನದೆ ‘ಪ್ರತಿ ಹಂಗಾಮಿನ ಕಾರ್ಮಿಕರು’ ಎಂದು ಬಿಡಿಸಿ ಬರೆಯಲು ನಮ್ಮ ಬಳಗದವರೂ ಒಪ್ಪಿದ್ದಾರೆ. ಕೊನೆಯದಾಗಿ ಒಂದು ಪ್ರಶ್ನೆ ಉಳಿದಿದೆ. ತೊಗರಿ ಹೂ ಕಟ್ಟುವಾಗ ಸುರಿಯುವ ಹೊತ್ತಲ್ಲದ ಹೊತ್ತಿನ ಮಳೆಗೆ ಈ ಪದದ ಬಳಗದಲ್ಲಿ ಏನಾದರೂ ಹೆಸರಿದೆಯೇ?

ರೋಜಾ ಬಡಾವಣೆ:
ಇದೆ. ಫಾರಸಿಯಲ್ಲಿ ‘ಬೇಹಂಗಾಮ್’ ಎಂದರೆ ಅಕಾಲಿಕ. ಹೊತ್ತಲ್ಲದ ಹೊತ್ತಿಗೆ ಕೂಗುವ ಕೋಳಿಗೆ ‘ಮುರ್ಗೆ ಬೇಹಂಗಾಮ್’ ಎನ್ನುವ ನುಡಿಗಟ್ಟು ಅಲ್ಲಿ ಬಹಳ ಹಳೆಯದು. ಉರ್ದುವಿನಲ್ಲಿ ಅದು ‘ಬೇಹಂಗಮ್’ ಎಂದು ಮೊಟಕಾಗಿ, ಅರ್ಥವನ್ನೂ ಬದಲಿಸಿಕೊಂಡು, ಒಡ್ಡೊಡ್ಡಾದದ್ದು, ಅಸ್ತವ್ಯಸ್ತವಾದದ್ದು ಎಂಬುದಕ್ಕೆ ಬಳಕೆಯಾಗುತ್ತದೆ. ಸೂಪರ್ ಮಾರ್ಕೆಟ್ ರಸ್ತೆಯಲ್ಲಿ ಆಟೋಗಳು ಅಡ್ಡಾದಿಡ್ಡಿ ನಿಂತಿರುವುದನ್ನು ಉರ್ದು ಬಲ್ಲವರು ‘ಬೇಹಂಗಮ್ ಟ್ರಾಫಿಕ್’ ಎನ್ನಬಹುದು. ಆದರೆ ನಿಮ್ಮ ಮಳೆಗೆ ಸಲ್ಲುವುದು ದೀರ್ಘವಿರುವ ಹಳೆಯ ರೂಪವೇ.

ಅಫಜಲಪುರ:
ನಮ್ಮಲ್ಲಿ ಅಂಥ ಮಳೆಗೆ ‘ಅಡ್ಡ ಮಳೆ’ ಎನ್ನುತ್ತಾರೆ, ಓದುಗ ಅಣ್ಣಾ. ಹೂ ಉದುರಿಸುವ ಮಳೆಗೆ ಅದೇ ಸಾಕು.